ಗರಡಿಗೆ ಅನ್ನವಿರಲಿಲ್ಲ, ಹಾಸ್ಟೆಲಿಗೆ ಅಖಾಡವಿರಲಿಲ್ಲ

ಬಡವರ ಮಕ್ಕಳಿಗೆ ಆಟ ಕಲಿಸಲು, ನಾಲ್ಕು ಒಳ್ಳೆಯ ಮಾತು ಹೇಳಲು, ಹದಿಹರೆಯದಲ್ಲಿ ದಾರಿ ತಪ್ಪದಂತೆ ಹಿಡಿದಿಡಲು ಒಂದು ಕಾಯಂ ನೆಲೆ ಬೇಕು ಎಂಬ ಮಾತನ್ನು ಈಗ ಹೊಸ ವಿಚಾರವೆಂಬಂತೆ ಆಡುತ್ತಾರೆ. ಕ್ರೀಡಾ ವಸತಿ ನಿಲಯವೊಂದರ ಶಂಕುಸ್ಥಾಪನೆಯಾದಾಗಲೆಲ್ಲ ವೇದಿಕೆಯ ಮೇಲಿನವರು ಇಂಥದ್ದು ಈ ನಾಡಿನಲ್ಲಿ ಇದೇ ಮೊದಲು ಎನ್ನುವ ಧಾಟಿಯಲ್ಲಿ ಮಾತನಾಡುತ್ತಾರೆ. ಮೈಸೂರಿನ ಹಳೆಯ ಮೊಹಲ್ಲಾಗಳಲ್ಲಿ, ಬೆಂಗಳೂರಿನ ಪೇಟೆ ಬೀದಿಗಳಲ್ಲಿ, ಬೆಳಗಾವಿ ಧಾರವಾಡದ ಊರೂರುಗಳಲ್ಲಿ ಇಂಥ ನೆಲೆ ತಲೆಮಾರುಗಳಿಂದ ಇತ್ತು. ಅದಕ್ಕೆ ಗರಡಿ ಮನೆ ಎಂದು ಹೆಸರು. ಹಾಗೆಂದು ನಮ್ಮಲ್ಲಿ ಎಲ್ಲವೂ ಮೊದಲೇ ಇತ್ತು ಎಂದು ಎದೆತಟ್ಟಿಕೊಳ್ಳುವುದೂ ತಪ್ಪು. ಗರಡಿಯಲ್ಲಿ ಆಡುವ ಜಾಗವಿತ್ತು, ಕಲಿಸುವ ಗುರುವಿದ್ದ, ಆದರೆ ಬಡ ಹುಡುಗನ ಹೊಟ್ಟೆಗೆ ಅಲ್ಲಿ ಏನೂ ಇರಲಿಲ್ಲ. ಊಟ ಕೊಟ್ಟು ಮಲಗಲು ಜಾಗ ಕೊಟ್ಟ ಉಚಿತ ವಿದ್ಯಾರ್ಥಿ ನಿಲಯಗಳು ಬೇರೆಯೇ ಹುಟ್ಟಿಕೊಂಡವು, ಅಲ್ಲಿ ಆಟ ಇರಲಿಲ್ಲ. ಇವೆರಡೂ ಒಂದೇ ಸೂರಿನಡಿ ಸೇರಿದ್ದು ತೀರ ತಡವಾಗಿ. ಸೇರಿಸಿದ್ದು ಸರ್ಕಾರದ ಯೋಜನೆಗಳು, ಮತ್ತು ಆ ಯೋಜನೆಗಳಲ್ಲಿ ಕೆಲವು ಮಕ್ಕಳನ್ನು ಅವರ ಊರಿನಿಂದ ಎತ್ತಿಕೊಂಡು ಹೋದವು, ಊರಿನಲ್ಲಿ ಏನನ್ನೂ ಕಟ್ಟಲಿಲ್ಲ. ಬಡ ಮಕ್ಕಳ ಆಟದ ಮನೆಗಳು ಏಕೆ ನಿಲ್ಲಲಿಲ್ಲ ಎನ್ನುವುದಕ್ಕೆ ಈ ಚರಿತ್ರೆಯಲ್ಲೇ ಉತ್ತರವಿದೆ ಎಂಬುದು ನನ್ನ ವಾದ.

ಮೊದಲು ಗರಡಿಯನ್ನೇ ನೋಡೋಣ. ಹಳೆಯ ಮೈಸೂರು ಸೀಮೆಯ ಗರಡಿ ದೊಡ್ಡ ಕಟ್ಟಡವಲ್ಲ. ತಲೆ ಬಗ್ಗಿಸಿ ಒಳಹೋಗಬೇಕಾದ ಗಿಡ್ಡ ಬಾಗಿಲು, ಹೆಚ್ಚು ಗಾಳಿ ಬೆಳಕು ನುಗ್ಗದ ಸಣ್ಣ ಕಿಟಕಿ, ಗೋಡೆಯ ಮೇಲೆ ಆಂಜನೇಯನ ಪಟ, ನಡುವೆ ಕೆಂಪು ಮಣ್ಣಿನ ಅಖಾಡ. ಆ ಮಣ್ಣನ್ನು ಮಟ್ಟಿ ಎನ್ನುತ್ತಾರೆ. ಜರಡಿ ಹಿಡಿದು ಕಲ್ಲು ಮುಳ್ಳು ತೆಗೆದ ಮಣ್ಣಿಗೆ ಎಣ್ಣೆ, ಮಜ್ಜಿಗೆ, ಅರಿಶಿನ, ಕುಂಕುಮ, ನಿಂಬೆರಸ, ಬೇವಿನೆಲೆ ಇಂಥವನ್ನು ಬೆರೆಸಿ ಹದ ಮಾಡುವುದು ಗರಡಿಯ ಮೊದಲ ಪಾಠ. ಅರಿಶಿನ, ಬೇವು ಗಾಯಕ್ಕೆ ನಂಜಾಗದಿರಲಿ ಎಂದು. ಎಣ್ಣೆ, ಮಜ್ಜಿಗೆ ಮಣ್ಣು ಒಣಗಿ ಗಟ್ಟಿಯಾಗದಿರಲಿ ಎಂದು. ಹೊಸದಾಗಿ ಬಂದ ಹುಡುಗನಿಗೆ ಪಟ್ಟು ಹೇಳಿಕೊಡುವ ಮೊದಲು ಸನಿಕೆ ಕೊಟ್ಟು ಮಟ್ಟಿ ಅಗೆಸುತ್ತಿದ್ದರು. ಅದೇ ವ್ಯಾಯಾಮ, ಅದೇ ವಿನಯದ ಪಾಠ, ಗರಡಿಗೆ ಅವನು ಸಲ್ಲಿಸುವ ಶುಲ್ಕವೂ ಅದೇ. ಗದೆ, ಕಲ್ಲುಗುಂಡು, ಗೋಡೆಗೆ ಒರಗಿಸಿಟ್ಟ ಮರದ ಸಾಮಗ್ರಿ ಬಿಟ್ಟರೆ ಬೇರೆ ಬಂಡವಾಳ ಬೇಕಿರಲಿಲ್ಲ. ಲಂಗೋಟಿ ಒಂದಿದ್ದರೆ ಹುಡುಗ ಸೇರಬಹುದಿತ್ತು. ಬೆಳಗಿನ ಜಾವ ದಂಡ, ಬಸ್ಕಿ ಹೊಡೆದು, ಜೊತೆಯವನೊಂದಿಗೆ ಮಟ್ಟಿಗಿಳಿದು, ಮೈ ತೊಳೆದುಕೊಂಡು ಕೂಲಿಗೋ ಹಾಲು ಹಾಕಲಿಕ್ಕೋ ಮಂಡಿಗೋ ಹೋಗುವವರ ಜಾಗ ಅದು. ಬಂದವರೆಲ್ಲ ಪೈಲ್ವಾನರಾಗಬೇಕೆಂದು ಯಾವ ಉಸ್ತಾದನೂ ಬಯಸಲಿಲ್ಲ. ಕುಡಿಯಬೇಡ, ಲಂಗೋಟಿ ಬಿಗಿ ಇರಲಿ, ಹಿರಿಯರ ಕಾಲು ಮುಟ್ಟಿ ಮಟ್ಟಿಗಿಳಿ ಎಂಬ ಮೂರು ಮಾತಿನಲ್ಲಿ ಅವನ ಬೋಧನೆಯೆಲ್ಲ ಮುಗಿಯುತ್ತಿತ್ತು. ಅದನ್ನು ದಿನಾ ಹೇಳುತ್ತಿದ್ದ ಎಂಬುದೇ ಮುಖ್ಯ. ಇಂದು ಮಾರ್ಗದರ್ಶಕ ಎಂದು ನಾವು ಯಾರನ್ನು ಕರೆಯುತ್ತೇವೋ ಅವನು ತಿಂಗಳಿಗೊಮ್ಮೆ ಬಂದು ಭಾಷಣ ಮಾಡಿ ಹೋಗುತ್ತಾನೆ. ಉಸ್ತಾದನಾದರೋ ಹುಡುಗ ಬೆಳಿಗ್ಗೆ ಬರದಿದ್ದರೆ ಸಂಜೆ ಅವನ ಮನೆ ಬಾಗಿಲಲ್ಲಿ ನಿಂತಿರುತ್ತಿದ್ದ.

ಗರಡಿಗಳು ಬಾಳಿದ್ದು ಅರಸರ ಆಶ್ರಯದಿಂದ ಎನ್ನುವುದು ರೂಢಿಯ ಮಾತು. ಅದರಲ್ಲಿ ಅರ್ಧ ನಿಜವಿದೆ. ಮಲ್ಲಯುದ್ಧದಲ್ಲಿ ಹೆಸರಾದ ರಣಧೀರ ಕಂಠೀರವ ನರಸರಾಜ ಒಡೆಯರ ಕಾಲದಿಂದ ಮೈಸೂರು ಅರಮನೆಗೂ ಅಖಾಡಕ್ಕೂ ನಂಟಿದೆ. ವಿಜಯದಶಮಿಯ ದಿನ ಅರಮನೆಯ ಅಂಗಳದಲ್ಲಿ ಜೆಟ್ಟಿಗಳು ವಜ್ರಮುಷ್ಟಿ ಹಿಡಿದು, ಎದುರಾಳಿಯ ತಲೆಯಿಂದ ಮೊದಲ ರಕ್ತ ಚಿಮ್ಮುವವರೆಗೆ ಕಾದಾಡುವ ಪದ್ಧತಿ ಇಂದಿಗೂ ಉಳಿದಿದೆ. ದಸರಾ ಕುಸ್ತಿಗಾಗಿ ತಿಂಗಳುಗಟ್ಟಲೆ ಸಾಮು ಮಾಡುವುದು ಮೈಸೂರಿನ ಕೇರಿಗಳ ವಾರ್ಷಿಕ ಕ್ರಮವಾಗಿತ್ತು. ಆದರೆ ಅರಸೊತ್ತಿಗೆ ಹೋದ ಮೇಲೆ ಏನಾಯಿತು ಎಂಬುದನ್ನು ಗಮನಿಸಬೇಕು. 1950ಕ್ಕೆ ಮೈಸೂರು ಸಂಸ್ಥಾನವೇ ಇಲ್ಲವಾಯಿತು, 1971ರಲ್ಲಿ ರಾಜಧನವೂ ರದ್ದಾಯಿತು. ಅರಮನೆಯ ಅನ್ನ ನಂಬಿದ ಎಷ್ಟೋ ಕಸುಬು, ಕಲೆ ಆಗ ಕಂಗೆಟ್ಟವು. ಗರಡಿಗಳು ಸೊರಗಿದವು, ಸಾಯಲಿಲ್ಲ. ಈಗಲೂ ದಸರೆ ಬಂತೆಂದರೆ ಹತ್ತು ಜನರ ಗರಡಿ, ಭೂತಪ್ಪನವರ ಗರಡಿ ಎಂದು ಗರಡಿಯ ಹೆಸರು ಹೇಳಿಯೇ ಜೋಡಿ ಕಟ್ಟುತ್ತಾರೆ. ದೊಡ್ಡಕೆರೆ ಮೈದಾನದ ಸಾಹುಕಾರ್ ಚೆನ್ನಯ್ಯ ಅಖಾಡದಲ್ಲಿ ಪೈಲ್ವಾನನನ್ನು ಕರೆಯುವಾಗ ಅವನ ಹೆಸರಿನೊಂದಿಗೆ ಉಸ್ತಾದನ ಹೆಸರೂ ಸೇರಿರುತ್ತದೆ. ಅರಮನೆ ಕೊಡುತ್ತಿದ್ದದ್ದು ಬಹುಮಾನ, ಮರ್ಯಾದೆ, ಆಯ್ದ ಕೆಲವರ ಖರ್ಚು. ಅದು ನಿಂತಿತು. ಆದರೆ ಮಟ್ಟಿಯಿದ್ದ ಜಾಗ ಅರಮನೆಯದಾಗಿರಲಿಲ್ಲ. ಕೇರಿಯದೋ, ಕೇರಿಯ ಗುಡಿಯದೋ, ಉಸ್ತಾದನ ಮನೆತನದ್ದೋ ಆಗಿತ್ತು. ದೊರೆಗಳು ಹೋದರೂ ಬೆಳಿಗ್ಗೆ ಬಾಗಿಲು ತೆಗೆಯುವವನೊಬ್ಬ ಅಲ್ಲೇ ಇದ್ದ. ಬೆಂಗಳೂರಿನ ಪೇಟೆಯ ಗರಡಿಗಳಿಗೆ ಇನ್ನೊಂದು ಆಸರೆಯೂ ಸಿಕ್ಕಿತು. ಕರಗದ ವೀರಕುಮಾರರ ಸಾಧನೆ ಗರಡಿಯೊಂದಿಗೆ ಬೆಸೆದುಕೊಂಡಿದ್ದರಿಂದ, ಕುಸ್ತಿ ಹಿಡಿಯುವವರು ಕಡಿಮೆಯಾದರೂ ಗರಡಿಯ ದೀಪ ಹಚ್ಚುವ ನೆಪ ವರ್ಷಕ್ಕೊಮ್ಮೆಯಾದರೂ ಉಳಿದುಕೊಂಡಿತು.

ಇಲ್ಲಿಯವರೆಗೆ ಗರಡಿಯ ಪರವಾದ ಮಾತಾಯಿತು. ಅದರ ದೊಡ್ಡ ಕೊರತೆ ಆಹಾರ. ಮಲ್ಲನನ್ನು ತಯಾರು ಮಾಡುವುದು ಅಡುಗೆಮನೆ ಎಂಬುದು ನಮ್ಮ ಹಿಂದಿನವರಿಗೆ ಚೆನ್ನಾಗಿ ಗೊತ್ತಿತ್ತು. ಕಲ್ಯಾಣ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಮಲ್ಲವಿನೋದಕ್ಕೆ ಒಂದು ಭಾಗವೇ ಮೀಸಲು. ಮಲ್ಲರನ್ನು ದರ್ಜೆಗಳಾಗಿ ವಿಂಗಡಿಸುವುದು, ಅವರ ಸಾಧನೆಯ ಕ್ರಮ, ಅಖಾಡದ ಸಿದ್ಧತೆ ಎಲ್ಲ ಅಲ್ಲಿದೆ. ಜೊತೆಗೆ ಮಾಂಸ, ಹಾಲು, ಮೊಸರು, ತುಪ್ಪ, ಉದ್ದು ಇತ್ಯಾದಿಯನ್ನು ಅವರಿಗೆ ಒದಗಿಸಬೇಕೆಂಬ ಮಾತೂ ಇದೆ. ಮಲ್ಲನ ಊಟ ರಾಜ್ಯದ ಖರ್ಚು ಎಂದು ಆ ದೊರೆಗೆ ಅನ್ನಿಸಿತ್ತು. 1520ರ ಸುಮಾರಿಗೆ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ವ್ಯಾಪಾರಿ ಡೊಮಿಂಗೊ ಪಾಯಸ್, ಕೃಷ್ಣದೇವರಾಯ ಬೆಳಕು ಹರಿಯುವ ಮುನ್ನ ಎಳ್ಳೆಣ್ಣೆ ಕುಡಿದು, ಮೈಗೆಲ್ಲ ಎಣ್ಣೆ ತಿಕ್ಕಿಕೊಂಡು, ಭಾರ ಎತ್ತಿ, ಕತ್ತಿ ಬೀಸಿ, ಬೆವರಿನೊಡನೆ ಎಣ್ಣೆ ಇಳಿದ ಮೇಲೆ ಮಲ್ಲನೊಬ್ಬನೊಂದಿಗೆ ಸೆಣಸುತ್ತಿದ್ದನೆಂದು ಬರೆದಿದ್ದಾನೆ. ದೊರೆ ಎಣ್ಣೆ ಕುಡಿಯಬಲ್ಲ. ಕುಂಬಾರಗೇರಿಯ ಹುಡುಗ ಬಾದಾಮಿ, ಹಾಲು, ತುಪ್ಪ ಎಲ್ಲಿಂದ ತಂದಾನು? ಗರಡಿ ಅವನಿಗೆ ಮಟ್ಟಿ ಕೊಟ್ಟಿತು, ಪಟ್ಟು ಕೊಟ್ಟಿತು. ತಿನ್ನುವುದನ್ನು ಅವನ ಅವ್ವನ ತಲೆಗೆ ಕಟ್ಟಿತು. ಮನೆಯಲ್ಲಿ ಮೂರು ಮಕ್ಕಳಿಗೆ ಸೇರಬೇಕಾದ ಹಾಲು ಒಬ್ಬ ಪೈಲ್ವಾನನ ಲೋಟಕ್ಕೆ ಹೋಗುವುದು ಅಥವಾ ಒಳ್ಳೆಯ ಮೈಕಟ್ಟಿನ ಹುಡುಗ ಹದಿನೆಂಟಕ್ಕೆ ಸಾಮು ಬಿಟ್ಟು ಕೂಲಿಗಿಳಿಯುವುದು, ಎರಡರಲ್ಲಿ ಒಂದು ಆಗಲೇಬೇಕಿತ್ತು. ಕುಸ್ತಿ ಬಡವರ ಆಟ ಎನ್ನುವವರು ಈ ಲೆಕ್ಕವನ್ನು ಮರೆಯುತ್ತಾರೆ. ಬಡವರು ಆಡಿದ ಆಟವದು, ನಿಜ. ಆದರೆ ಬಡತನದಲ್ಲೇ ಉಳಿದು ಮೇಲೇರುವುದು ಅದರಲ್ಲಿ ಸಾಧ್ಯವಿರಲಿಲ್ಲ.

ಊಟದ ಪ್ರಶ್ನೆಗೆ ಉತ್ತರ ಬಂದದ್ದು ಅಖಾಡದ ಕಡೆಯಿಂದಲ್ಲ, ಅಕ್ಷರದ ಕಡೆಯಿಂದ. ಇಪ್ಪತ್ತನೆಯ ಶತಮಾನದ ಮೊದಲ ಭಾಗದಲ್ಲಿ ಜಾತಿ ಸಂಘಗಳು, ಮಠಗಳು ಊರೂರಲ್ಲಿ ಉಚಿತ ವಿದ್ಯಾರ್ಥಿ ನಿಲಯ ತೆರೆದವು. ಹಳ್ಳಿಯ ಹುಡುಗ ಪಟ್ಟಣದಲ್ಲಿ ಓದಬೇಕಾದರೆ ಮೊದಲು ಅವನಿಗೆ ಎರಡು ಹೊತ್ತಿನ ಊಟ ಮತ್ತು ಚಾಪೆ ಹಾಸಲು ಜಾಗ ಬೇಕು ಎಂಬುದನ್ನು ಅವು ಕಂಡುಕೊಂಡವು. ಸಿದ್ಧಗಂಗೆಯ ದಾಸೋಹವನ್ನು ನೆನೆದರೆ ಸಾಕು. ಕರ್ನಾಟಕದ ಸಾಮಾಜಿಕ ಚರಿತ್ರೆಯಲ್ಲಿ ಈ ನಿಲಯಗಳ ಪಾಲು ಎಷ್ಟು ದೊಡ್ಡದೆಂದು ಬಿಡಿಸಿ ಹೇಳಬೇಕಿಲ್ಲ. ಆದರೆ ಅಲ್ಲಿ ಆಟ ಎಂದರೆ ಓದಿನ ನಡುವಿನ ಬಿಡುವು, ಅಷ್ಟೆ. ಗರಡಿಗೂ ಹಾಸ್ಟೆಲಿಗೂ ಒಂದು ಬೀದಿಯ ಅಂತರವಿದ್ದರೂ ಒಂದರ ಹುಡುಗ ಇನ್ನೊಂದಕ್ಕೆ ಹೋಗುತ್ತಿದ್ದದ್ದು ಅಪರೂಪ.

ಎರಡನ್ನೂ ಒಟ್ಟಿಗೆ ಕಂಡ ಒಬ್ಬ ದೊರೆ ನಮ್ಮ ಗಡಿಯ ಆಚೆಗಿದ್ದ. ಕೊಲ್ಹಾಪುರದ ಶಾಹು ಮಹಾರಾಜರು 1901ರಿಂದ ಬೇರೆ ಬೇರೆ ಸಮುದಾಯಗಳ ವಿದ್ಯಾರ್ಥಿ ನಿಲಯಗಳಿಗೆ ಜಾಗ, ಕಟ್ಟಡ, ಹಣ ಕೊಡುತ್ತ ಹೋದರು. ಅಸ್ಪೃಶ್ಯರೆನಿಸಿಕೊಂಡವರ ಮಕ್ಕಳಿಗೂ ಅಲ್ಲೊಂದು ನಿಲಯವಾಯಿತು. ಅದೇ ದೊರೆ 1912ರಲ್ಲಿ ಖಾಸಬಾಗ್ ಕುಸ್ತಿ ಮೈದಾನ ಕಟ್ಟಿಸಿದರು, ಪೇಠೆಗಳ ತಾಲೀಮುಗಳಿಗೆ ಬೆನ್ನೆಲುಬಾದರು. ಕೊಲ್ಹಾಪುರದ ತಾಲೀಮಿಗೂ ನಮ್ಮ ಗರಡಿಗೂ ಒಂದು ಮುಖ್ಯ ವ್ಯತ್ಯಾಸವಿದೆ: ತಾಲೀಮಿನಲ್ಲಿ ಪರವೂರಿನ ಹುಡುಗರು ಉಳಿದುಕೊಳ್ಳುತ್ತಾರೆ, ಅಲ್ಲೇ ಒಲೆ ಹೂಡಿ ಬೇಯಿಸಿಕೊಳ್ಳುತ್ತಾರೆ, ವಸ್ತಾದರ ಕಣ್ಣಳತೆಯಲ್ಲೇ ಮಲಗಿ ಏಳುತ್ತಾರೆ. ಬೆಳಗಾವಿ, ಬಾಗಲಕೋಟೆ, ಧಾರವಾಡ ಕಡೆಯ ಹುಡುಗರು ಹಾಸಿಗೆ ಸುತ್ತಿಕೊಂಡು ಗಂಗಾವೇಶ್‌ನಂಥ ತಾಲೀಮುಗಳಿಗೆ ಹೋಗುತ್ತಿದ್ದದ್ದು ಅದಕ್ಕೇ. ಉತ್ತರ ಕರ್ನಾಟಕದ ಕುಸ್ತಿ ಇಂದಿಗೂ ಮೈಸೂರಿಗಿಂತ ಗಟ್ಟಿಯಾಗಿ ಉಳಿದಿರುವುದಕ್ಕೆ ನೀರು, ಗಾಳಿ, ರೊಟ್ಟಿ ಎಂದು ಕಾರಣ ಹೇಳುವವರಿದ್ದಾರೆ. ವಾಸಕ್ಕೂ ಸಾಧನೆಗೂ ಒಂದೇ ಮನೆ ಇದ್ದದ್ದು ಅದಕ್ಕಿಂತ ದೊಡ್ಡ ಕಾರಣವೆಂದು ನನಗೆ ತೋರುತ್ತದೆ.

ಸ್ವತಂತ್ರ ಭಾರತದ ಸರ್ಕಾರ ಇದನ್ನು ದೊಡ್ಡ ಪ್ರಮಾಣದಲ್ಲಿ ಮಾಡಲು ಹೊರಟದ್ದು 1982ರ ದೆಹಲಿ ಏಷ್ಯನ್ ಕ್ರೀಡಾಕೂಟದ ನಂತರ. 1984ರಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರ ಹುಟ್ಟಿತು. ಆ ದಶಕದ ಉತ್ತರಾರ್ಧದಲ್ಲಿ, ನಮ್ಮವರೇ ಆದ ಮಾರ್ಗರೆಟ್ ಆಳ್ವ ಕ್ರೀಡಾ ಖಾತೆಯಲ್ಲಿದ್ದಾಗ, ಸ್ಪೆಷಲ್ ಏರಿಯಾ ಗೇಮ್ಸ್ ಎಂಬ ಯೋಜನೆಯಡಿ ಬುಡಕಟ್ಟು ಮತ್ತು ಗುಡ್ಡಗಾಡಿನ ಮಕ್ಕಳನ್ನು ಹುಡುಕಿ ತರಬೇತಿಗೆ ಕರೆತಂದರು. ರಾಜಸ್ಥಾನದ ಉದಯಪುರ ಸೀಮೆಯಲ್ಲಿ ಬಿದಿರು ಬಿಲ್ಲಿನಿಂದ ಬೇಟೆಯಾಡುತ್ತಿದ್ದ ಲಿಂಬಾ ರಾಮ್ ಸಿಕ್ಕಿದ್ದು ಹಾಗೆ. ಅವರು ಮೂರು ಒಲಿಂಪಿಕ್ಸ್‌ಗಳಲ್ಲಿ ಬಿಲ್ಲು ಹಿಡಿದರು, 1992ರಲ್ಲಿ ಬೀಜಿಂಗ್‌ನಲ್ಲಿ ವಿಶ್ವದಾಖಲೆ ಸರಿಗಟ್ಟಿದರು. ಕರ್ನಾಟಕದಲ್ಲಿ ಈ ಯೋಜನೆಯ ಕಣ್ಣು ಬಿದ್ದದ್ದು ಸಿದ್ದಿಗಳ ಮೇಲೆ. ಪೂರ್ವ ಆಫ್ರಿಕದಿಂದ ಪೋರ್ಚುಗೀಸರ ಕಾಲದಲ್ಲಿ ಗುಲಾಮರಾಗಿ ಬಂದು, ಗೋವೆಯಿಂದ ತಪ್ಪಿಸಿಕೊಂಡು ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲೆಯ ಕಾಡಂಚಿನಲ್ಲಿ ನೆಲೆನಿಂತವರ ವಂಶದವರು ಅವರು. ಆಫ್ರಿಕದ ಮೂಲದವರಾದ್ದರಿಂದ ಓಟ ಇವರ ರಕ್ತದಲ್ಲೇ ಇರುತ್ತದೆ ಎಂಬುದು ಆಯ್ಕೆಯ ಹಿಂದಿನ ಎಣಿಕೆ. ಇದೊಂದು ಮೊಂಡು ಎಣಿಕೆ ಎಂದೇ ನನ್ನ ಅಭಿಪ್ರಾಯ. ನಾನೂರು ವರ್ಷ ಕಾಡಿನಲ್ಲಿ ಬೇರೆಯವರ ಹೊಲದ ಕೂಲಿ ಮಾಡಿಕೊಂಡಿದ್ದವರಿಗೆ ಭೂಮಿ, ಶಾಲೆ, ಆಸ್ಪತ್ರೆ ಕೊಡುವ ಮೊದಲು ಪದಕದ ಆಸೆಯಿಂದ ಅವರ ರಕ್ತವನ್ನು ನೆನೆದದ್ದು ವಿಚಿತ್ರವೇ ಸರಿ. ಉತ್ತರ ಕನ್ನಡದ ಸಿದ್ದಿಗಳಿಗೆ ಪರಿಶಿಷ್ಟ ಪಂಗಡದ ಮಾನ್ಯತೆ ಸಿಕ್ಕಿದ್ದೇ 2003ರಲ್ಲಿ.

ಎಣಿಕೆ ಹೇಗೇ ಇರಲಿ, ಮಕ್ಕಳು ಓಡಿದರು. ಬೆಂಗಳೂರು ಮತ್ತಿತರ ಕಡೆಯ ಕೇಂದ್ರಗಳಲ್ಲಿ ಅವರಿಗೆ ಊಟ, ಬೂಟು, ಶಾಲೆ, ತರಬೇತುದಾರ ಎಲ್ಲವೂ ಒಂದೇ ಕಡೆ ಸಿಕ್ಕಿತು. ಗರಡಿಯಲ್ಲಿ ಇಲ್ಲದ್ದು, ವಿದ್ಯಾರ್ಥಿ ನಿಲಯದಲ್ಲಿ ಇಲ್ಲದ್ದು ಇಲ್ಲಿತ್ತು. ಕೆಲವೇ ವರ್ಷಗಳಲ್ಲಿ ಸಿದ್ದಿ ಓಟಗಾರರು ರಾಷ್ಟ್ರೀಯ ಕೂಟಗಳಲ್ಲಿ ಕಾಣಿಸಿಕೊಂಡರು, ಕಮಲಾ ಮಿಂಗೆಲ್ ಸಿದ್ದಿಯವರಂಥವರು ದೇಶವನ್ನು ಪ್ರತಿನಿಧಿಸುವವರೆಗೆ ಬೆಳೆದರು, ಕೆಲವರಿಗೆ ಕ್ರೀಡಾ ಕೋಟಾದಡಿ ಸರ್ಕಾರಿ ನೌಕರಿಯೂ ಸಿಕ್ಕಿತು. ನಡುವೆ 1989ರಲ್ಲಿ ಕೇಂದ್ರದಲ್ಲಿ ಸರ್ಕಾರ ಬದಲಾಯಿತು. 1993ರಲ್ಲಿ ಸಿದ್ದಿಗಳ ಪಾಲಿಗೆ ಯೋಜನೆ ಮುಗಿಯಿತು. ಹದಿನಾಲ್ಕು, ಹದಿನೈದು ವಯಸ್ಸಿನ ಮಕ್ಕಳು ಟ್ರಂಕು ಹೊತ್ತುಕೊಂಡು ಊರಿಗೆ ಮರಳಿದರು. ಊರಿನಲ್ಲಿ ಏನಿತ್ತು? ಓಡಲು ಒಂದು ಟ್ರ್ಯಾಕು ಇರಲಿಲ್ಲ, ಕಲಿಸುವವನೊಬ್ಬನಿರಲಿಲ್ಲ, ಸೇರಲು ಒಂದು ಕೋಣೆಯೂ ಇರಲಿಲ್ಲ. ಏಕೆಂದರೆ ಯೋಜನೆ ಕಟ್ಟಿದ್ದೆಲ್ಲ ಮಹಾನಗರದಲ್ಲಿತ್ತು. ಮೈಸೂರಿನ ಗರಡಿಗೆ ಅರಮನೆಯ ದುಡ್ಡು ನಿಂತಾಗ ಮಟ್ಟಿಯಾದರೂ ಉಳಿದಿತ್ತು. ಸಿದ್ದಿ ಮಕ್ಕಳಿಗೆ ಸರ್ಕಾರದ ದುಡ್ಡು ನಿಂತಾಗ ಉಳಿದದ್ದು ಪ್ರಮಾಣಪತ್ರ.

ಈ ವಾದಕ್ಕೆ ಎದುರು ಮಾತುಗಳಿವೆ, ಅವು ಹಗುರವಾದವಲ್ಲ. ಮೊದಲನೆಯದು, ಪ್ರತಿಭೆ ಇರುವ ಮಗುವನ್ನು ಹಳ್ಳಿಯಲ್ಲೇ ಇಟ್ಟುಕೊಂಡರೆ ಅದು ಹಳ್ಳಿಯ ಮಟ್ಟದಲ್ಲೇ ಉಳಿಯುತ್ತದೆ. ಸಿಂಥೆಟಿಕ್ ಟ್ರ್ಯಾಕು, ವೈದ್ಯರು, ದೊಡ್ಡ ಸ್ಪರ್ಧೆಗಳು ನಗರದಲ್ಲೇ ಇರುವಾಗ ಅಲ್ಲಿಗೆ ಕರೆದೊಯ್ಯುವುದೇ ಜಾಣತನ ಎನ್ನುವುದು. ಲಿಂಬಾ ರಾಮ್ ದೆಹಲಿಗೆ ಹೋಗದಿದ್ದರೆ ಲಿಂಬಾ ರಾಮ್ ಆಗುತ್ತಿರಲಿಲ್ಲ ಎಂಬುದನ್ನು ಒಪ್ಪಲೇಬೇಕು. ಆದರೆ ಅದು ನೂರರಲ್ಲಿ ಒಬ್ಬರ ಕಥೆ. ಉಳಿದ ತೊಂಬತ್ತೊಂಬತ್ತು ಮಕ್ಕಳ ಲೆಕ್ಕ ಯಾರು ಇಟ್ಟರು? ತೀರ ಮುಂದೆ ಹೋಗಬಲ್ಲವರನ್ನು ನಗರಕ್ಕೆ ಕಳಿಸುವುದಕ್ಕೂ ಊರಿನಲ್ಲೊಂದು ನೆಲೆ ಇಡುವುದಕ್ಕೂ ವಿರೋಧವಿಲ್ಲ. ಊರಿನ ನೆಲೆ ಇದ್ದರೆ ನಗರದಿಂದ ಮರಳಿದವನೇ ಅಲ್ಲಿ ಉಸ್ತಾದನಾಗುತ್ತಾನೆ; ಗರಡಿಗಳಿಗೆ ಉಸ್ತಾದರು ಬಂದದ್ದು ಹಾಗೆಯೇ, ಬೇರೆ ಯಾವ ನೇಮಕಾತಿಯೂ ಅಲ್ಲಿರಲಿಲ್ಲ. ಸಿದ್ದಿ ಓಟಗಾರರ ಮೊದಲ ತಲೆಮಾರು ತಮ್ಮ ಅನುಭವವನ್ನು ಯಾರಿಗೆ, ಎಲ್ಲಿ ನಿಂತು ಹೇಳಿಕೊಡಬೇಕಿತ್ತು?

ಎರಡನೆಯ ಆಕ್ಷೇಪ ಇದಕ್ಕಿಂತ ಹರಿತವಾದದ್ದು. ಗರಡಿಯನ್ನು ಇಷ್ಟು ಹೊಗಳುವವರು ಅಲ್ಲಿ ಯಾರಿಗೆ ಪ್ರವೇಶವಿರಲಿಲ್ಲ ಎಂಬುದನ್ನು ಹೇಳಬೇಕಲ್ಲವೇ? ಹೇಳಲೇಬೇಕು. ಹೆಣ್ಣುಮಕ್ಕಳು ಹೊಸಿಲು ದಾಟುವಂತಿರಲಿಲ್ಲ. ಕೇರಿಯ ಗರಡಿ ಎಂದರೆ ಬಹಳ ಕಡೆ ಜಾತಿಯ ಗರಡಿಯೇ ಆಗಿತ್ತು. ಹಿಂದೂ ಹುಡುಗರಿಗೆ ಮುಸ್ಲಿಂ ಉಸ್ತಾದರು ಕಲಿಸಿದ ಉದಾಹರಣೆಗಳು ಎಷ್ಟೇ ಇದ್ದರೂ ಎಲ್ಲ ಗೋಡೆಗಳೂ ಬಿದ್ದಿದ್ದವು ಎನ್ನಲಾಗದು. ಚುನಾವಣೆ ಬಂದ ಮೇಲೆ ನಗರದ ಕೆಲವು ಗರಡಿಗಳು ತೋಳ್ಬಲದ ಬಾಡಿಗೆ ಅಂಗಡಿಗಳಾದದ್ದೂ ಸುಳ್ಳಲ್ಲ. ಬೆಂಗಳೂರಿನ ರೌಡಿ ಲೋಕದ ಚರಿತ್ರೆಯಲ್ಲಿ ಗರಡಿಯ ಹೆಸರು ಬರುತ್ತದೆ. ಕಾಯಂ ಜಾಗ ಇದ್ದ ಮಾತ್ರಕ್ಕೆ ಅದು ನ್ಯಾಯದ ಜಾಗವಾಗುವುದಿಲ್ಲ. ಈ ವಿಷಯದಲ್ಲಿ ಸರ್ಕಾರಿ ಹಾಸ್ಟೆಲ್ ಗರಡಿಗಿಂತ ಮೇಲು, ಅದರಲ್ಲಿ ಅನುಮಾನವಿಲ್ಲ. ಆಯ್ಕೆಗೆ ನಿಯಮವಿದೆ, ಮೀಸಲಾತಿಯಿದೆ, ಹುಡುಗಿಯರಿಗೆ ಕೋಣೆಯಿದೆ, ತಪ್ಪಾದರೆ ಪ್ರಶ್ನಿಸಲು ಒಂದು ಇಲಾಖೆಯಿದೆ. ಆದ್ದರಿಂದ ಗರಡಿಗೇ ಹಿಂದಿರುಗೋಣ ಎಂದು ನಾನು ಹೇಳುತ್ತಿಲ್ಲ. ಗರಡಿ ಕೇರಿಯಲ್ಲಿ ಬೇರುಬಿಟ್ಟಿದ್ದ ಹಾಗೆ ಹಾಸ್ಟೆಲೂ ಬಿಡಲಿ ಎನ್ನುವುದಷ್ಟೇ ಮಾತು.

ಮೂರನೆಯದು ಹಣಕಾಸು ಇಲಾಖೆಯವರ ಮಾತು: ಊರೂರಲ್ಲಿ ಕಟ್ಟಿದರೆ ಪಾಳು ಬೀಳುತ್ತವೆ, ತಾಲ್ಲೂಕು ಕ್ರೀಡಾಂಗಣಗಳನ್ನು ನೋಡಿ ಎನ್ನುತ್ತಾರೆ. ಹುಲ್ಲು ಬೆಳೆದ ಗ್ಯಾಲರಿ, ಬೀಗ ಹಾಕಿದ ಗೇಟು, ಗಣರಾಜ್ಯೋತ್ಸವಕ್ಕೆ ಮಾತ್ರ ಬಳಿಯುವ ಸುಣ್ಣ ಎಲ್ಲರಿಗೂ ಗೊತ್ತಿರುವ ದೃಶ್ಯ. ಆದರೆ ಅಲ್ಲಿ ಕಟ್ಟಿದ್ದು ಮೆಟ್ಟಿಲುಗಳನ್ನು, ಅಂದರೆ ನೋಡುವವರ ಜಾಗವನ್ನು. ಗರಡಿಯಲ್ಲಿ ನೋಡುವವರಿಗೆ ಜಾಗವೇ ಇರಲಿಲ್ಲ. ಇಪ್ಪತ್ತು ಜನ ಹಿಡಿಸುವ ಕೋಣೆ, ದಿನಾ ಬಳಕೆ, ಮಣ್ಣು ಕೆದಕಲು ಅದರಲ್ಲೇ ಆಡುವ ಹುಡುಗರು. ನಿರ್ವಹಣೆ ಎಂಬ ಬೇರೆ ಕೆಲಸ ಅಲ್ಲಿ ಇರಲಿಲ್ಲ. ಒಂದು ಜಿಲ್ಲಾ ಕ್ರೀಡಾಂಗಣದ ಗ್ಯಾಲರಿಯ ಕಾಂಕ್ರೀಟಿಗೆ ಸುರಿಯುವ ದುಡ್ಡಿನಲ್ಲಿ ಹಲವು ಊರುಗಳಲ್ಲಿ ಅಡುಗೆಮನೆ ಸಹಿತವಾದ ಸಣ್ಣ ಆಟದ ಮನೆ ಕಟ್ಟಬಹುದು, ಅಡುಗೆಯವರಿಗೂ ತರಬೇತುದಾರರಿಗೂ ಕಾಯಂ ಸಂಬಳ ಕೊಡಬಹುದು. ವರ್ಷ ವರ್ಷ ಊಟದ ಟೆಂಡರು, ಗುತ್ತಿಗೆಯ ತರಬೇತುದಾರ ಎಂಬ ಈಗಿನ ಪದ್ಧತಿಯಲ್ಲಿ ಮಗುವಿಗೆ ಪಟ್ಟು ಹೇಳಿಕೊಟ್ಟವನು ಮುಂದಿನ ಏಪ್ರಿಲ್‌ನಲ್ಲಿ ಇರುತ್ತಾನೋ ಇಲ್ಲವೋ ಎಂಬುದು ಯಾರಿಗೂ ಗೊತ್ತಿರುವುದಿಲ್ಲ.

ಈ ಚರಿತ್ರೆಯ ಎರಡು ಎಳೆಗಳು ಒಂದೆಡೆ ಕೂಡಿರುವ ಊರೊಂದಿದೆ, ಅದು ಹಳಿಯಾಳ. ಕುಸ್ತಿಯ ಹುಚ್ಚು ಮೊದಲಿನಿಂದಲೂ ಇರುವ ಆ ತಾಲ್ಲೂಕಿನಲ್ಲಿ ರಾಜ್ಯ ಕ್ರೀಡಾ ಇಲಾಖೆಯ ಕುಸ್ತಿ ವಸತಿ ನಿಲಯವಿದೆ. ಮಟ್ಟಿ, ಮ್ಯಾಟ್, ಊಟ, ಶಾಲೆ ಎಲ್ಲ ಅಲ್ಲೇ, ಮನೆ ಬಸ್ಸಿನ ದೂರದಲ್ಲಿ. ಯಾವ ಸಿದ್ದಿಗಳು ಓಟಕ್ಕೇ ಹುಟ್ಟಿದವರೆಂದು ದೆಹಲಿ ತೀರ್ಮಾನಿಸಿತ್ತೋ ಅದೇ ಸಿದ್ದಿಗಳ ಹೆಣ್ಣುಮಕ್ಕಳು, ಯಾವ ಗರಡಿಗೆ ಹೆಣ್ಣು ಕಾಲಿಡಬಾರದಿತ್ತೋ ಅದೇ ಗರಡಿಯ ಆಟದಲ್ಲಿ, ಇಲ್ಲಿಂದ ರಾಷ್ಟ್ರಮಟ್ಟದ ಕೂಟಗಳಿಗೆ ಹೋಗಿದ್ದಾರೆ. ಪಕ್ಕದ ಮುಂಡಗೋಡದಲ್ಲಿ ಬ್ರಿಡ್ಜಸ್ ಆಫ್ ಸ್ಪೋರ್ಟ್ಸ್ ಎಂಬ ಖಾಸಗಿ ಸಂಸ್ಥೆ ಸಿದ್ದಿ ಮತ್ತಿತರ ಮಕ್ಕಳಿಗೆ ಊರಿನಲ್ಲೇ ಓಟ ಕಲಿಸುತ್ತಿದೆ. 1993ರಲ್ಲಿ ಮರಳಿ ಬಂದವರ ಮಕ್ಕಳ ಕಾಲಕ್ಕಾದರೂ ಇಷ್ಟಾಗಿದೆ. ಉಳಿದ ತಾಲ್ಲೂಕುಗಳಿಗೂ ಇಂಥದ್ದೇ ಸಣ್ಣ ಮನೆಗಳು ಬೇಕು. ಜಾಗ ಊರಿನ ಹೆಸರಿನಲ್ಲಿರಲಿ, ಊಟದ ಖರ್ಚು ಬಜೆಟ್ಟಿನ ಕಾಯಂ ಬಾಬತ್ತಾಗಲಿ, ಕಲಿಸುವವರ ಹುದ್ದೆಯನ್ನು ಗುತ್ತಿಗೆಯಿಂದ ಬಿಡಿಸಿ ಖಾಯಂ ಮಾಡಲಿ. ಮುಂದಿನ ಶಂಕುಸ್ಥಾಪನೆಗೆ ಕಲ್ಲು ಕೆತ್ತಿಸುವ ಮೊದಲು ಸರ್ಕಾರ ಮಾಡಬೇಕಾದದ್ದು ಈ ಮೂರು ಆದೇಶಗಳಿಗೆ ಸಹಿ.